ಗೋಂದಣ್ಣ ಬರೆದುಕೊಟ್ಟ ಪಟ್ಟಿ

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಹರಿದ ಪುಸ್ತಕಗಳನ್ನು ಹೊಲಿದು ಅಂಟಿಸುತ್ತಿದ್ದವನನ್ನು ಎಲ್ಲರೂ ಗೋಂದಣ್ಣ ಎನ್ನುತ್ತಿದ್ದರು. ಸೂಜಿ, ದಾರ, ಕತ್ತರಿ, ಒಂದು ಡಬ್ಬಿ ಗೋಂದು, ಪುಸ್ತಕದ ಮೇಲೆ ಹೇರಲು ಎರಡು ಇಟ್ಟಿಗೆ. ಇಷ್ಟೇ ಅವನ ಸಂಸಾರ. ಮನೆಯಲ್ಲಿ ಇನ್ನೊಂದು ಇತ್ತು, ಅದರ ಮಾತು ಆಮೇಲೆ.

ಇವನು ಓದುತ್ತಿದ್ದದ್ದು ಗೋಂದು ಒಣಗುವ ಹೊತ್ತಿನಲ್ಲಿ ಮಾತ್ರ. ಎದುರಿಗೆ ಬಿಡಿಸಿಟ್ಟ ಹರಿದ ಪುಟ ಎಷ್ಟು ಕಂಡರೆ ಅಷ್ಟು. ಹೀಗೆ ಸಾವಿರಾರು ಪುಸ್ತಕಗಳಲ್ಲಿ ಎರಡೆರಡು ಪುಟ ಓದಿದ್ದ, ಇಡಿಯಾಗಿ ಒಂದನ್ನೂ ಓದಿರಲಿಲ್ಲ. ಆದರೂ ಯಾವುದು ಒಳ್ಳೆಯದು ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. "ಜನ ಒಳ್ಳೇ ಪುಸ್ತಕಾನ ಹರೀತಾರೆ. ಕೆಟ್ಟದ್ದನ್ನ ಜೋಪಾನವಾಗಿ ವಾಪಸ್ ತಂದಿಡ್ತಾರೆ," ಎನ್ನುತ್ತಿದ್ದ. ಅಡುಗೆ ಪುಸ್ತಕವಾದರೆ ಎಣ್ಣೆ ಕಲೆ ಎಲ್ಲಿದೆಯೋ ಅಲ್ಲಿ ನಂಬಬಹುದು. ಪತ್ತೇದಾರಿಯಾದರೆ ಕೊನೆಯ ಹಾಳೆಗಳು ಸಡಿಲವಾಗಿರಬೇಕು, ತಡೆಯಲಾರದೆ ಕಳ್ಳ ಯಾರೆಂದು ಮೊದಲೇ ನೋಡಿದವರ ಕೈಚಳಕ ಅದು.

ಒಂದು ಸೋಮವಾರ ಹೊಸದಾಗಿ ಬಂದ ಗ್ರಂಥಪಾಲಕಿ ಮೇಡಂ ಅವನ ಕೋಣೆಗೆ ಬಂದು, "ನಾಲ್ಕು ಸಲಕ್ಕಿಂತ ಹೆಚ್ಚು ಹೊಲಿದಿರೋ ಪುಸ್ತಕಗಳದ್ದು ಒಂದು ಪಟ್ಟಿ ಕೊಡ್ತೀರಾ?" ಎಂದು ಕೇಳಿದರು.

ಗೋಂದಣ್ಣನಿಗೆ ಸ್ವರ್ಗ ಮೂರೇ ಗೇಣು. ಇಷ್ಟು ವರ್ಷದಲ್ಲಿ ಪುಸ್ತಕದ ವಿಷಯಕ್ಕೆ ಅವನನ್ನು ಕೇಳಿದವರೇ ಇರಲಿಲ್ಲ. ಒಳ್ಳೆಯ ಪುಸ್ತಕಗಳನ್ನು ಎದುರಿನ ಕಪಾಟಿನಲ್ಲಿ ಇಡುತ್ತಾರೆಂದು ತಾನೇ ತೀರ್ಮಾನಿಸಿಕೊಂಡ. ಪತ್ತೇದಾರಿ, ಪ್ರವಾಸ, ವಿಜ್ಞಾನ, ಕವಿತೆ, ಅಡುಗೆ, ಕಾದಂಬರಿ ಎಂದು ಬೇರೆ ಬೇರೆ ಮಾಡಿ ನಲವತ್ತೆರಡು ಹೆಸರು ಬರೆದ. ಪ್ರತಿಯೊಂದರ ಮುಂದೆ ಅದು ಯಾರಿಗೆ ಹಿಡಿಸುತ್ತದೆ ಎಂದು ಒಂದು ಸಾಲು ಸೇರಿಸಿದ. ಮಂಗಳವಾರ ಸಂಜೆ ಕೊಟ್ಟುಬಂದ.

ಬುಧವಾರ ಬೆಳಿಗ್ಗೆ ಕೌಂಟರಿನ ಅಕ್ಕ ಮೆಲ್ಲಗೆ ಹೇಳಿದಳು: "ಅಣ್ಣಾ, ಅದು ರದ್ದಿಗೆ ಹಾಕೋ ಪಟ್ಟಿ."

ತನ್ನ ಕೈಯಾರೆ, ಅದೂ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟಿದ್ದ. ಎಂದೂ ಮೇಲಧಿಕಾರಿಯ ಮುಂದೆ ನಿಲ್ಲದವನು ಅಂದು ಹೋಗಿ ನಿಂತ.

"ಮೇಲಿಂದ ಬಂದಿರೋ ಆದೇಶ," ಎಂದರು ಮೇಡಂ. "ಶನಿವಾರ ಬಾಗಿಲು ಹಾಕೋವಾಗ ಪಟ್ಟಿಯಲ್ಲಿರೋದ್ರಲ್ಲಿ ಯಾವ್ದು ಇಲ್ಲಿರುತ್ತೋ ಅದು ಹೋಗುತ್ತೆ."

"ಓದೋರ ಹತ್ರ ಇದ್ರೆ?"

"ಓದೋರ ಕೈಯಿಂದ ಕಿತ್ಕೊಳ್ಳೋಕಾಗುತ್ತಾ? ಅದು ಉಳ್ಕೊಂಡ ಹಾಗೇ. ಮುಂದಿನ ಪಟ್ಟಿ ಇನ್ನು ಐದು ವರ್ಷಕ್ಕೆ." ಹೇಳಿ ಅವರು ಕಾಗದದೊಳಗೆ ತಲೆ ತಗ್ಗಿಸಿದರು. ಬೇಕೆಂದೇ ಹೇಳಿದರೋ ಬಾಯಿತಪ್ಪಿ ಹೇಳಿದರೋ ಅವನಿಗೆ ಗೊತ್ತಾಗಲಿಲ್ಲ.

ಒಬ್ಬರ ಕಾರ್ಡಿಗೆ ಒಂದೇ ಪುಸ್ತಕ. ಮೂರು ದಿನದಲ್ಲಿ ನಲವತ್ತೆರಡು ಜನ ಬೇಕು. ನಾಲ್ಕು ಜನರ ಎದುರು ಬಾಯಿ ತೆರೆಯಲು ನಾಚುವ ಆಸಾಮಿ ಏಪ್ರನ್ ಬಿಚ್ಚಿಟ್ಟು ಹೊರಗೆ ಬಂದ.

ಮೊದಲು ಸಿಕ್ಕಿದ್ದು ದಿನಪತ್ರಿಕೆ ಮುಖದ ಮೇಲೆ ಹಾಕಿಕೊಂಡು ನಿದ್ದೆ ಹೊಡೆಯುತ್ತಿದ್ದ ಡ್ರೈವಿಂಗ್ ಮೇಷ್ಟ್ರು. ಪತ್ತೇದಾರಿ ಕಾದಂಬರಿಯನ್ನು ಅವರ ಮಡಿಲಿಗಿಟ್ಟು, "ಇದನ್ನ ಏಳು ಸಲ ಹೊಲಿದಿದೀನಿ. ಕೊನೇ ಪುಟ ಮಾತ್ರ ಮೊದ್ಲು ನೋಡ್ಬೇಡಿ," ಎಂದ. ಬೇಡ ಎಂದದ್ದೇ ಸಾಕಾಯಿತು, ಅವರು ತೆಗೆದುಕೊಂಡರು. ಎದುರು ಬೀದಿಯ ಟೈಲರಮ್ಮ ಪ್ರವಾಸದ ಪುಸ್ತಕ ಒಯ್ದಳು. ಕೂತ ಜಾಗ ಬಿಟ್ಟು ಏಳದವಳಿಗೆ ಅದೇ ಸರಿ ಎಂದು ಗೋಂದಣ್ಣನ ಲೆಕ್ಕ. ನಿವೃತ್ತಿಯಾದ ನರ್ಸಮ್ಮ, "ಯಾರೂ ಕಾಯಿಲೆ ಬೀಳದ ಪುಸ್ತಕ ಇದೆಯಾ?" ಎಂದರು. "ಇದ್ರಲ್ಲಿ ಮನುಷ್ಯರೇ ಇಲ್ಲ ಅಮ್ಮಾ, ಬರೀ ನಕ್ಷತ್ರ," ಎಂದು ಖಗೋಳದ ಪುಸ್ತಕ ಕೊಟ್ಟ.

ಬೀಗ ರಿಪೇರಿಯವನು ಕವಿತೆಯ ಪುಸ್ತಕ ನೋಡಿ ಹಿಂದೆ ಸರಿದ. "ಅರ್ಥ ಆಗ್ದಿದ್ರೆ?"

"ತೆರೆಯದ ಬೀಗ ತಂದ್ರೆ ನೀನು ವಾಪಸ್ ಕಳಿಸ್ತೀಯಾ?"

ಅವನು ಪುಸ್ತಕವನ್ನು ಜೇಬಿಗೆ ಹಾಕಿಕೊಂಡ.

ಶುಕ್ರವಾರದ ಹೊತ್ತಿಗೆ ಗೋಂದಣ್ಣನ ಗಂಟಲು ಕಟ್ಟಿತ್ತು, ನಾಚಿಕೆ ಬಿಟ್ಟುಹೋಗಿತ್ತು. ಶನಿವಾರ ಐದು ಗಂಟೆಗೆ ಉಳಿದದ್ದು ಒಂದೇ ಒಂದು, ದಪ್ಪನೆಯ ಕಾದಂಬರಿ. ಅದರ ಒಂದೇ ಹಾಳೆ ಮತ್ತೆ ಮತ್ತೆ ಕಳಚಿ ಬರುತ್ತಿತ್ತು, ಓದಿದವರ ಕಣ್ಣೀರು ಬಿದ್ದು ಶಾಯಿ ಹರಡಿತ್ತು. ಆ ಹಾಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ತಲೆಯೆತ್ತಿ ನೋಡುತ್ತಾಳೆ, ಬಾಗಿಲಲ್ಲಿ ಒಬ್ಬ ಮಾತಾಡದೆ ನಿಂತಿದ್ದಾನೆ, ಅವಳು ನೆಲಕ್ಕೆ ಕುಸಿದು ಅಳುತ್ತಾಳೆ. ಗಂಡ ಸತ್ತ ಸುದ್ದಿ ತಂದವನು ಎಂದು ಗೋಂದಣ್ಣ ಹನ್ನೊಂದು ಜನಕ್ಕೆ ವಿವರಿಸಿದ್ದ. ಹನ್ನೊಂದು ಜನವೂ, ನಮ್ಮ ಮನೆಯ ಗೋಳೇ ಸಾಕಪ್ಪ, ಎಂದು ಕೈ ಮುಗಿದಿದ್ದರು.

"ನನ್ನ ಹೆಸರಿಗೇ ಕೊಡಕ್ಕಾ," ಎಂದ.

"ನಿಂಗೆ ಕಾರ್ಡೇ ಇಲ್ವಲ್ಲಣ್ಣಾ," ಎಂದಳು ಕೌಂಟರಿನ ಅಕ್ಕ. ಕಾರ್ಡಿಗೆ ಅರ್ಜಿ, ಅರ್ಜಿಗೆ ಜಾಮೀನುದಾರರ ಸಹಿ. ಬಾಗಿಲು ಹಾಕಲು ಹತ್ತು ನಿಮಿಷ ಇತ್ತು. ಗಾಜಿನ ಆಚೆಯಿಂದ ಎಲ್ಲ ನೋಡುತ್ತಿದ್ದ ಮೇಡಂ ಬಂದು ಸಹಿ ಹಾಕಿ ಹೋದರು.

ಭಾನುವಾರ ಬೆಳಿಗ್ಗೆ ಅವನು ಪುಸ್ತಕ ಹಿಡಿದು ಕೂತ. ಹೆಂಡತಿ ಎರಡು ಸಲ ಬಂದು ಹಣೆ ಮುಟ್ಟಿ, ಜ್ವರ ಇಲ್ಲವೆಂದು ಖಚಿತ ಮಾಡಿಕೊಂಡು ಹೋದಳು. ಮಧ್ಯಾಹ್ನ ಕಳೆದ ಮೇಲೆ ಆ ಹಾಳೆ ಬಂತು. ಗೋಂದಣ್ಣ ಓದಿದ, ಮತ್ತೆ ಓದಿದ. ಬಾಗಿಲಲ್ಲಿ ನಿಂತವನು ಸುದ್ದಿ ತಂದವನಲ್ಲ. ಒಂಬತ್ತು ವರ್ಷದಿಂದ ಎಲ್ಲರೂ ಸತ್ತನೆಂದುಕೊಂಡಿದ್ದ ಗಂಡನೇ ಅವನು.

"ಏನಾಯ್ತು?" ಎಂದು ಹೆಂಡತಿ ಕೇಳಿದಳು.

"ಇಷ್ಟು ವರ್ಷ ಇವನನ್ನ ಸಾಯಿಸ್ತಾ ಬಂದಿದೀನಿ ಕಣೇ," ಎಂದು ಕಣ್ಣೊರೆಸಿಕೊಂಡ. ನಾಚಿಕೆಯೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು. ಸಂಜೆ ಮೊದಲಿನಿಂದ ಅವಳಿಗೆ ಓದಿಹೇಳಿದ.

ಸೋಮವಾರ ಬಾಗಿಲು ತೆರೆಯುವ ಮುಂಚೆಯೇ ಬಂದು ಕೌಂಟರಿನ ಎದುರು ನಿಂತ. ಹೊಲಿಯುವುದಕ್ಕಲ್ಲ. ಉಳಿದ ನಲವತ್ತೊಂದರಲ್ಲಿ ತಾನು ಕಾಣದ ಪುಟಗಳಲ್ಲಿ ಏನೇನು ನಡೆದಿದೆಯೋ ಎಂಬ ಚಿಂತೆ ಅವನನ್ನು ಮಲಗಗೊಟ್ಟಿರಲಿಲ್ಲ.

"ಆ ಪತ್ತೇದಾರಿ ಕೊಡಕ್ಕಾ."

"ಡ್ರೈವಿಂಗ್ ಮೇಷ್ಟ್ರಿಗೆ ಕೊಟ್ಟಿದೀಯಲ್ಲ."

"ನಕ್ಷತ್ರದ್ದು?"

"ನರ್ಸಮ್ಮನಿಗೆ. ಒಳ್ಳೇದು ಅಂತ ಊರಿಗೆಲ್ಲ ಹಂಚಿದ್ದು ನೀನೇ ತಾನೆ? ಈಗ ಕಾಯಿ," ಎಂದು ಅವಳು ಸರದಿ ಪುಸ್ತಕ ತಳ್ಳಿದಳು. ಪತ್ತೇದಾರಿಗೆ ಆಗಲೇ ಒಬ್ಬರು ಹೆಸರು ಬರೆಸಿದ್ದರು. ಮೇಡಂ. ಪಕ್ಕದಲ್ಲಿ ಅವನ ಪಟ್ಟಿಯದೇ ಒಂದು ಸಾಲನ್ನು ನಕಲು ಮಾಡಿಕೊಂಡಿದ್ದರು: ಬಸ್ಸು ತಪ್ಪಿದರೂ ಪರವಾಗಿಲ್ಲ ಎನ್ನುವವರಿಗೆ.

ಗೋಂದಣ್ಣ ಅದರ ಕೆಳಗೆ ತನ್ನ ಹೆಸರು ಬರೆದು ಒಳಗೆ ಹೋದ.