ಎರಡು ಔನ್ಸ್ ದೊಡ್ಡ ಮೀನು

ಮೊನ್ನೆ ದುಬೈನ ಅಲ್ ಬರ್ಷಾದ ಮಾಲ್‌ನಲ್ಲಿ ಹೆಂಡತಿ ಚಪ್ಪಲಿ ಆರಿಸುತ್ತಿದ್ದಾಗ ನಾನು ಪಕ್ಕದ ಅಂಗಡಿಯಲ್ಲಿ ಗಾಳದ ದಾರದ ಸುರುಳಿಯೊಂದನ್ನು ಕೈಗೆತ್ತಿಕೊಂಡೆ. ಮೇಲೆ ‘20 ಪೌಂಡ್’ ಎಂದಿತ್ತು. ಇಷ್ಟು ಹಗುರವಾದ ದಾರಕ್ಕೆ ಅಷ್ಟು ತೂಕವೇ ಎಂದು ನಿಮಗೆ ಅನ್ನಿಸಬಹುದು. ನನಗೂ ಒಮ್ಮೆ ಅನ್ನಿಸಿತ್ತು. ಅದು ದಾರ ತಡೆಯಬಲ್ಲ ಭಾರ ಎಂದು ತಿಳಿಸಿಕೊಟ್ಟವರು ವಸಂತಣ್ಣ.

ವಸಂತಣ್ಣ ಮಲ್ಪೆ ಕಡೆಯವರು, ಅಬುಧಾಬಿಯಲ್ಲಿ ನನ್ನ ಸಹೋದ್ಯೋಗಿ. ಅದೇ ಆಫೀಸಿನ ಇಂಗ್ಲಿಷ್ ಎಂಜಿನಿಯರ್ ಹ್ಯಾರಿಸ್ ಜೊತೆ ಪ್ರತಿ ಶನಿವಾರ ಗಾಳ ಹಾಕಲು ಹೋಗುತ್ತಿದ್ದರು. ಹಾಸನದವನಾದ ನನಗೆ ಮೀನಿನ ಗಂಧವಿಲ್ಲ. ಕಾರು ಓಡಿಸುವುದು, ಚಹಾದ ಫ್ಲಾಸ್ಕ್ ಕಾಯುವುದು ನನ್ನ ಪಾಲು. ಹ್ಯಾರಿಸ್‌ಗೆ ತೂಕವೆಂದರೆ ಪೌಂಡು, ಔನ್ಸು ಮಾತ್ರ. ಹದಿನಾರು ಔನ್ಸಿಗೆ ಒಂದು ಪೌಂಡ್ ಎಂಬ ಲೆಕ್ಕವನ್ನು ಕಲಿತು, ಕಿಲೋಗೆ ಬದಲಿಸಿ ಹೇಳುವ ದೊಡ್ಡಸ್ತಿಕೆಯೂ ನನ್ನದೇ ಆಗಿತ್ತು.

ವರ್ಷಗಟ್ಟಲೆ ಹೋದರೂ ಮೀನಿನ ತೂಕದಲ್ಲಿ ಹ್ಯಾರಿಸ್ ಒಮ್ಮೆಯೂ ವಸಂತಣ್ಣನನ್ನು ಗೆದ್ದಿರಲಿಲ್ಲ. ನಿವೃತ್ತಿಯಾಗಿ ಊರಿಗೆ ಹೊರಡುವ ಮುಂಚಿನ ಕೊನೆಯ ಶನಿವಾರ ಹ್ಯಾರಿಸ್‌ಗೊಂದು ಒಳ್ಳೆಯ ಹಮೂರ್ ಮೀನು ಸಿಕ್ಕಿತು. ತಮ್ಮ ಹಳೆಯ ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿದರು: ಏಳು ಪೌಂಡ್ ಹತ್ತು ಔನ್ಸ್. ಅಭ್ಯಾಸದಂತೆ ಮೀನನ್ನು ಮತ್ತೆ ನೀರಿಗೆ ಬಿಟ್ಟರು.

ಸ್ವಲ್ಪ ಹೊತ್ತಿಗೆ ವಸಂತಣ್ಣನಿಗೂ ಹಮೂರ್ ಬಿತ್ತು. ಅವರ ಹೊಸ ಡಿಜಿಟಲ್ ತಕ್ಕಡಿ 7.8 ಪೌಂಡ್ ತೋರಿಸಿತು. ಹ್ಯಾರಿಸ್ ಬಗ್ಗಿ ನೋಡಿದರು. ಔನ್ಸಿಗೆ ಪಳಗಿದ ಕಣ್ಣು ಅದನ್ನು ಏಳು ಪೌಂಡ್ ಎಂಟು ಔನ್ಸ್ ಎಂದೇ ಓದಿತು. ಎರಡು ಔನ್ಸಿನಿಂದ ತಾನು ಗೆದ್ದೆ ಎಂದು ಮುಖ ಕೆಂಪಾಗಿಸಿಕೊಂಡು ನಕ್ಕರು.

ಪೌಂಡಿನ ಹತ್ತರಲ್ಲಿ ಎಂಟು ಪಾಲೆಂದರೆ ಹನ್ನೆರಡು ಔನ್ಸಿಗೂ ಹೆಚ್ಚು. ಗೆದ್ದವರು ವಸಂತಣ್ಣ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಹ್ಯಾರಿಸ್‌ರ ಕೈ ಕುಲುಕುತ್ತಲೇ ಕನ್ನಡದಲ್ಲಿ ಮೆಲ್ಲಗೆ ಹೇಳಿದರು: “ಈಗ ಲೆಕ್ಕ ಬೇಡ ಮಾರಾಯ್ರೆ.”

ಹ್ಯಾರಿಸ್‌ರನ್ನು ಮನೆಗೆ ಬಿಟ್ಟ ಮೇಲೆ, ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

“ಬರುವ ವಾರ ಅವರ ವೀಸಾ ಕ್ಯಾನ್ಸಲ್. ಅರ್ಧ ಆಯುಷ್ಯ ಇಲ್ಲೇ ಕಳೆದವರು. ಸೋತು ಹೋಗುವುದು ಬೇಡ” ಎಂದರು.

ನನಗೇನೋ ತಪ್ಪು ಲೆಕ್ಕ ಹಾಗೇ ಉಳಿಯಿತಲ್ಲ ಎಂಬ ಕಿರಿಕಿರಿ ಬಹಳ ದಿನ ಇತ್ತು.

ಕಳೆದ ಶನಿವಾರ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ವಸಂತಣ್ಣನ ಮನೆಯಲ್ಲಿ ಕುಳಿತಿದ್ದೆ. ಹ್ಯಾರಿಸ್ ಫೋನ್ ಮಾಡಿದರು. ಊರಿನಲ್ಲಿ ಮೊಮ್ಮಗಳಿಗೆ ಆ ಮೀನಿನ ಕಥೆ ಹೇಳುತ್ತಿರುವಾಗ ತಪ್ಪು ಹೊಳೆಯಿತಂತೆ. ಸ್ಪೀಕರ್‌ನಲ್ಲಿ ಅವರ ದನಿ ಸಣ್ಣಗಾಗಿತ್ತು. ಅಂದೇ ನಿನಗೆ ಗೊತ್ತಿತ್ತೇ ಎಂದು ಕೇಳಿದರು.

ವಸಂತಣ್ಣ ನನ್ನತ್ತ ನೋಡಲಿಲ್ಲ. ಇಲ್ಲ ಸರ್, ಈ ಔನ್ಸಿನ ಲೆಕ್ಕ ನನಗೆ ಇವತ್ತಿಗೂ ಬರುವುದಿಲ್ಲ ಎಂದರು.

ಆಚೆ ಕಡೆ ಸಮಾಧಾನದ ನಗು ಕೇಳಿಸಿತು. ಹ್ಯಾರಿಸ್ ಒಂದು ಪೌಂಡಿಗೆ ಎಷ್ಟು ಔನ್ಸ್ ಎಂಬಲ್ಲಿಂದ ನಿಧಾನವಾಗಿ ಹೇಳಿಕೊಡತೊಡಗಿದರು. ವಸಂತಣ್ಣ ನಡುನಡುವೆ ಹೌದಾ, ಹೌದಾ ಎನ್ನುತ್ತ ಪೂರ್ತಿ ಕೇಳಿಸಿಕೊಂಡರು. ನಾನೂ ಕೇಳಿಸಿಕೊಂಡೆ, ಎಲ್ಲಿಯೂ ತಿದ್ದಲಿಲ್ಲ.