ತುಂಬೆ ಹೂವಿನ ಪುಟ್ಟ ಪತಂಗ

ತೊಂಬತ್ತರ ದಶಕದಲ್ಲಿ ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿದ್ದೆ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಉಕ್ಕಿನ ಸಣ್ಣ ಪಿನ್ನುಗಳಲ್ಲಿ ಗೀರು ಹುಡುಕುವ ಕೆಲಸ. ಊಟದ ಬಿಡುವಿನಲ್ಲಿ ಅದೇ ಲೆನ್ಸ್ ಹಿಡಿದು ಪಕ್ಕದ ಖಾಲಿ ಸೈಟಿಗೆ ಹೋಗಿ ತುಂಬೆ ಗಿಡಗಳ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಪ್ಯಾಕಿಂಗಿನಲ್ಲಿದ್ದ ಅಕ್ಕ, ಅಲ್ಲೇ ಹತ್ತಿರದ ಹಳ್ಳಿಯವರು, ನೋಡಿ ನಗುತ್ತಿದ್ದರು.

“ಒಳಗೂ ಅದೇ, ಒರಗೂ ಅದೇ. ಕಣ್ಣು ಓಗ್ಬುಡ್ತದೆ ಕಣವ್ವ.”

ಆ ಹೂಗಳಿಗೆ ಎಳ್ಳಿಗಿಂತ ತುಸು ದೊಡ್ಡದಾದ ಒಂದು ಹುಳು ಬರುತ್ತಿತ್ತು. ಮೊದಲು ನೊಣವೆಂದೇ ತಿಳಿದಿದ್ದೆ. ಲೆನ್ಸಿನಲ್ಲಿ ನೋಡಿದರೆ ಕಪ್ಪು ರೆಕ್ಕೆ, ಅಡ್ಡಕ್ಕೆ ಜರಿಯಂಚಿನಂಥ ಎರಡು ಗೆರೆ. ಮೀಸೆಯ ತುದಿಯಲ್ಲಿ ಗುಂಡು ಇರಲಿಲ್ಲ, ಬರೀ ದಾರದ ಹಾಗಿತ್ತು. ಅಂದರೆ ಚಿಟ್ಟೆಯಲ್ಲ, ಪತಂಗ, ಅದೂ ಹಾಡಹಗಲಲ್ಲಿ. ಅದರ ಹೆಸರು ತಿಳಿಯದೆ ನನಗೆ ಊಟವೇ ಸೇರದಾಯಿತು.

ಕೃಷಿ ಕಾಲೇಜಿನಲ್ಲಿ ಕೀಟಗಳ ಪಾಠ ಹೇಳುತ್ತಿದ್ದ ಮೇಷ್ಟ್ರೊಬ್ಬರಿಗೆ ಕಾಗದ ಬರೆದೆ. ‘ವರ್ಣನೆ ಸಾಲದು. ಒಂದನ್ನು ಕಳಿಸಿ, ರೆಕ್ಕೆಯ ಮೇಲಿನ ಪುಡಿ ನೋಡಿಯೇ ಹೇಳಬೇಕು’ ಎಂದರು. ಅಷ್ಟರಲ್ಲಿ ಸೈಟು ಮಾರಾಟವಾಗಿ ಮೂಲೆಗಳಿಗೆ ಕಲ್ಲು ನೆಟ್ಟಿದ್ದರು. ಅಲ್ಲಿ ಶೆಡ್ ಏಳುವ ಮೊದಲು ಹೆಸರೊಂದು ಸಿಕ್ಕರೆ ಸಾಕಿತ್ತು ನನಗೆ. ಒಂದನ್ನು ಡಬ್ಬಿಯಲ್ಲಿ ಹಿಡಿದೆ. ಸಂಜೆಗೆ ಸತ್ತಿತ್ತು.

ನಮ್ಮಲ್ಲಿ ಯಾವ ಪಿನ್ನೂ ಬರಿದಾಗಿ ಹೊರಗೆ ಹೋಗುವುದಿಲ್ಲ. ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿದ ಕಾಗದದಲ್ಲಿ ಸುತ್ತಬೇಕು. ಜೋಪಾನ ಅಂದರೆ ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ. ಪತಂಗವನ್ನೂ ಹಾಗೇ ಸುತ್ತಿ, ಬೆಂಕಿಪೊಟ್ಟಣದಲ್ಲಿಟ್ಟು, ಪೋಸ್ಟ್ ಮಾಡಿ ನಿಶ್ಚಿಂತೆಯಿಂದ ಮನೆಗೆ ಬಂದೆ. ಎಂಥ ಪೆದ್ದಿ ನಾನು.

ಹದಿನೈದು ದಿನಕ್ಕೆ ಉತ್ತರ ಬಂತು. ‘ಪುಡಿಯೆಲ್ಲ ಎಣ್ಣೆಗೆ ಅಂಟಿಕೊಂಡು ರೆಕ್ಕೆ ಗಾಜಿನಂತಾಗಿದೆ. ಹೆಸರು ಹೇಳಲು ಬರುವುದಿಲ್ಲ. ಇನ್ನೊಂದು ಕಳಿಸಿ.’

ಕಾಗದ ಹಿಡಿದೇ ಸೈಟಿಗೆ ಓಡಿದೆ. ಬೆಳಿಗ್ಗೆಯೇ ಬುಲ್ಡೋಜರ್ ಬಂದು ಹೋಗಿತ್ತು. ಬರೀ ಕೆಮ್ಮಣ್ಣು, ಅದರ ಮೇಲೆ ಪಾಯಕ್ಕೆ ಎಳೆದ ಸುಣ್ಣದ ಗೆರೆ. ಅಕ್ಕ ಹಿಂದೆಯೇ ಬಂದರು.

“ತುಂಬೆ ಎಲ್ಲಾದ್ರೂ ಸಿಕ್ತದೆ, ಅಳಬ್ಯಾಡ ಬಾ.”

ಒಂದು ತಿಂಗಳು ರೈಲು ಹಳಿಯ ಪಕ್ಕ, ಕೆರೆ ಏರಿಯ ಮೇಲೆ ಇಬ್ಬರೂ ಹುಡುಕಿದೆವು. ತುಂಬೆ ಬೇಕಾದಷ್ಟು ಸಿಕ್ಕಿತು, ಅದು ಸಿಗಲಿಲ್ಲ. ಸೈಟು ಕೊಂಡವನನ್ನು ಬೈಯೋಣವೆಂದರೆ, ಕೈಗೆ ಸಿಕ್ಕಿದ್ದನ್ನು ಒರೆಸಿ ಹಾಕಿದವಳು ನಾನು. ಕೊನೆಗೆ ಮೇಷ್ಟ್ರಿಗೆ ಒಂದು ಕಾರ್ಡು ಬರೆದೆ: ‘ಸಾರ್, ಇನ್ನೊಂದು ಇಲ್ಲ.’