ಕೈಮೇಲಿನ ತೊಟ್ಟಿಲು

ತಮಿಳು ಸೀಮೆಯ ಪಲ್ಲಡದ ಅಂಚಿನಲ್ಲಿ ಕನ್ನಡವಾಡುವ ದೇವಾಂಗ ನೇಕಾರರ ಬೀದಿಯೊಂದಿತ್ತು. ಆ ಬೀದಿಯ ನಾಚಿಯಮ್ಮನನ್ನು ಬಲ್ಲವರು ಆಕೆಯ ಮುಖಕ್ಕಿಂತ ಮೊದಲು ಆಕೆಯ ಕೈಗಳನ್ನು ನೆನೆಯುತ್ತಿದ್ದರು. ಹಾಸುನೂಲನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಹುಳಿಬಂದ ಅನ್ನದ ಗಂಜಿಯನ್ನು ಎಳೆ ಎಳೆಗೂ ಕುಂಚದಿಂದ ತೀಡುವ ಕೆಲಸದಲ್ಲಿ ಆಕೆಗೆ ಎಣೆಯಾದವರು ಇರಲಿಲ್ಲ. ಆಕೆಯ ಕೈ ಸೋಕಿದ ನೂಲು ಮಗ್ಗದ ಮೇಲೆ ಹರಿಯದೆಂದು ಅಕ್ಕಪಕ್ಕದ ಊರುಗಳಿಂದಲೂ ಕರೆ ಬರುತ್ತಿತ್ತು. ಗಂಡನನ್ನು ಕಳೆದುಕೊಂಡ ಬಳಿಕ ಮಗ ಅಯ್ಯಾಸಾಮಿಯನ್ನು ಮಗ್ಗದಲ್ಲಿ ಕೂರಿಸಿ ಮನೆಯನ್ನು ನಿಲ್ಲಿಸಿದ್ದು ಆ ಕೈಗಳೇ.

ಗಂಜಿಯಲ್ಲಿ ಆಕೆಗಿದ್ದ ನಂಬಿಕೆ ನೂಲಿನಾಚೆಗೂ ಚಾಚಿತ್ತು. ಎಳೆ ಉಜ್ಜಿ ಬೆರಳು ಸೀಳಿದರೆ ಗಂಜಿ. ಲಾಳಿ ತಾಗಿ ಮೊಣಕೈ ತರಚಿದರೆ ಗಂಜಿ. ಅದು ಉರಿಯನ್ನು ತಣಿಸುತ್ತದೆ, ಒಣಗಿದ ಮೇಲೆ ಗಾಯದ ಬಾಯನ್ನು ಮುಚ್ಚುತ್ತದೆ ಎಂಬುದು ಆ ಬೀದಿಯ ಮನೆಗಳಲ್ಲಿ ಯಾರೂ ಪ್ರಶ್ನಿಸದ ಮಾತಾಗಿತ್ತು.

ನೀಲಗಿರಿಯ ಪೈಕಾರಾ ಹೊಳೆಯ ವಿದ್ಯುತ್ತು ಇಳಿದು ಬಂದು ಕೊಯಮತ್ತೂರಿನ ಸುತ್ತ ಹೊಸ ಗಿರಣಿಗಳು ಏಳುತ್ತಿದ್ದ ಕಾಲವದು. ಆ ವರ್ಷದ ಬೇಸಿಗೆಯಲ್ಲಿ ವಾಂತಿಭೇದಿಯ ಬೇನೆ ಬೀದಿಗೆ ಕಾಲಿಟ್ಟಿತು. ಅಯ್ಯಾಸಾಮಿಯ ಒಬ್ಬಳೇ ಮಗಳು ರುಕ್ಮಣಿಯನ್ನು ಕರೆದೊಯ್ದಿತು. ಇನ್ನೂ ಮಾತು ತೊದಲುತ್ತಿದ್ದ ಕೂಸು. ಮಣ್ಣಿಗಿಡುವ ಮುನ್ನ ಕಾಲಗೆಜ್ಜೆಯನ್ನೂ ಕಿವಿಯ ಮುರುವನ್ನೂ ಬಿಚ್ಚಿ ತಾಯಿಯ ಮಡಿಲಿಗೆ ಹಾಕಿದರು. ತಾಯಿ ಕಣ್ಣಮ್ಮ ಅವನ್ನು ನೋಡಲಿಲ್ಲ. ಮಗುವಿನ ತಲೆ ಒರಗುತ್ತಿದ್ದ ಎಡತೋಳನ್ನು ಬಲಗೈಯಿಂದ ಹಿಡಿದುಕೊಂಡು ಕುಳಿತವಳು, ಮುಂದೆ ಎಷ್ಟೋ ಕಾಲ ಹಾಗೆಯೇ ಕುಳಿತಿದ್ದಳು.

ಬಂಗಾರ ಬೆಳ್ಳಿಗಳೆಲ್ಲ ಸುಡುಗಾಡಿನ ಈಚೆಗೇ ಉಳಿಯುವುವು, ಜೀವದ ಸಂಗಡ ಬರುವ ಒಡವೆ ಹಚ್ಚೆಯೊಂದೇ ಎಂದು ಆ ಬೀದಿಯ ಹೆಂಗಸರು ನಂಬಿದ್ದರು. ಕೂಸನ್ನು ಕಳೆದುಕೊಂಡ ತಾಯಿ ತೋಳಿನ ಮೇಲೆ ತೊಟ್ಟಿಲಿನ ಹಚ್ಚೆ ಹಾಕಿಸಿಕೊಂಡರೆ, ಆ ಲೋಕದ ಬಾಗಿಲಲ್ಲಿ ಕೂಸು ಆ ಗುರುತು ಹಿಡಿದು ತಾಯಿಯ ಬಳಿಗೆ ಓಡಿಬರುವುದಂತೆ. ಕಣ್ಣಮ್ಮ ಬಾಯಿ ಬಿಟ್ಟು ಬೇಡಿದ್ದು ಅದೊಂದನ್ನೇ. ನಾಚಿಯಮ್ಮ ಚೌಡೇಶ್ವರಿಯ ಮುಂದೆ ದೀಪವಿಟ್ಟು, ಹಚ್ಚೆ ಚುಚ್ಚುವ ಕೊರವರ ಮುದುಕಿಯನ್ನು ತಾನೇ ಹೋಗಿ ಕರೆತಂದಳು.

ಸೂಜಿಗಳ ಕಟ್ಟು ಇಳಿದು ಏಳುತ್ತಿದ್ದಾಗ ಕಣ್ಣಮ್ಮ ಮುಲುಗಲೂ ಇಲ್ಲ. ಎಡಮೊಣಕೈಯ ಒಳಮಡಿಕೆಯ ಬಳಿ, ಮಗುವಿನ ಕೆನ್ನೆ ಅಂಟುತ್ತಿದ್ದ ಜಾಗದಲ್ಲಿ, ನಾಲ್ಕು ಹಗ್ಗದ ತೊಟ್ಟಿಲು ರಕ್ತದ ನಡುವೆ ಹಸುರಾಗಿ ಮೂಡಿತು. ಮುದುಕಿ ಹೊರಡುವ ಮುನ್ನ ಅತ್ತೆಯನ್ನು ಪಕ್ಕಕ್ಕೆ ಕರೆದು ತಮಿಳಿನಲ್ಲಿ ಕಟ್ಟುಪಾಡುಗಳನ್ನು ಹೇಳಿದಳು. ಅರಿಸಿನವನ್ನು ಹರಳೆಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರಬೇಕು, ನೀರು ಸೋಕಬಾರದು, ಬಿಸಿಲು ಬೀಳಬಾರದು, ಎಷ್ಟೇ ತುರಿಸಿದರೂ ಉಗುರು ತಾಗಿಸಬಾರದು. ಹಕ್ಕಳೆ ತಾನಾಗಿ ಉದುರುವ ತನಕ ಚಿತ್ರ ತೊಗಲಿನದಲ್ಲ, ಹಕ್ಕಳೆಯದು. ಅದನ್ನು ಕಿತ್ತರೆ ಚಿತ್ರವೂ ಕಿತ್ತುಬರುವುದು ಎಂದಳು.

ನಾಚಿಯಮ್ಮ ಇದನ್ನೆಲ್ಲ ವ್ರತದಂತೆ ನಡೆಸಿದಳು. ಸೊಸೆಯನ್ನು ಪಾತ್ರೆಯ ಬಳಿಗೆ ಸುಳಿಯಗೊಡಲಿಲ್ಲ. ಕೋಳಿಗರಿಯನ್ನು ಎಣ್ಣೆಯಲ್ಲಿ ಅದ್ದಿ, ಮಲಗಿದ ಮಗುವಿನ ಮೈ ಸವರುವಂತೆ ತೊಟ್ಟಿಲಿನ ಮೇಲೆ ಆಡಿಸುತ್ತಿದ್ದಳು. ತನ್ನ ಕೈಯಿಂದ ಅನ್ನ ಕಲಸಿ ಉಣ್ಣಿಸುತ್ತಿದ್ದಳು. ಅತ್ತೆ ಸೊಸೆಯರು ಅಷ್ಟು ಹತ್ತಿರ ಕುಳಿತದ್ದು ಆವರೆಗೆ ಇರಲಿಲ್ಲ. ಹಕ್ಕಳೆ ಕಪ್ಪಾಗಿ ಬಿಗಿಯಿತು. ಅದರ ಸಂಗಡ ತುರಿಕೆಯೂ ಉರಿಯೂ ಹುಟ್ಟಿದವು.

ಹಾಸು ಚಾಚುವ ದಿನ ಅದೇ ವಾರ ಬಂತು. ಬೀದಿಯ ಗಂಡಸರೂ ಹೆಂಗಸರೂ ಎಳೆಬಿಸಿಲಿಗೆ ನೂಲಿನ ಇಕ್ಕೆಲಗಳಲ್ಲಿ ನಿಂತರು. ಬಿಸಿಲೇರುವಷ್ಟರಲ್ಲಿ ಕೆಲಸ ಮುಗಿಸಿ, ಉಳಿದ ಗಂಜಿಯ ಮಡಕೆಯನ್ನು ಸೊಂಟಕ್ಕೆ ಇಟ್ಟುಕೊಂಡು ನಾಚಿಯಮ್ಮ ಒಳಗೆ ಬಂದಾಗ, ಕಣ್ಣಮ್ಮ ತೋಳನ್ನು ತಂಪಾದ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಕಣ್ಣಿಂದ ನೀರಿಳಿಯುತ್ತಿತ್ತು.

"ಸುಡ್ತದೆ ಅತ್ತೆ. ಬೆಂಕಿ ಇಟ್ಟಂಗೆ ಸುಡ್ತದೆ."

ನಾಚಿಯಮ್ಮ ಯೋಚಿಸಲಿಲ್ಲ. ಯೋಚಿಸಬೇಕೆಂದು ತೋರಲೂ ಇಲ್ಲ. ಬಾಲ್ಯದಿಂದ ಎಷ್ಟೋ ಗಾಯಗಳಿಗೆ ಹೋದಂತೆಯೇ ಆಕೆಯ ಕೈ ಮಡಕೆಗೆ ಹೋಯಿತು. "ಕೂತ್ಕೋ ಅಮ್ಮಣಿ, ಕೊಂಚ ತಣ್ಣಗಾಗ್ತದೆ" ಎಂದು ತೋಳಿನ ಒಳಮಡಿಕೆಗೆ ಗಂಜಿಯನ್ನು ದಪ್ಪಗೆ ಬಳಿದಳು. ನಿಜಕ್ಕೂ ತಣ್ಣಗಾಯಿತು. ಮಗು ಹೋದಂದಿನಿಂದ ಕಣ್ಣು ಕೂಡದಿದ್ದ ಕಣ್ಣಮ್ಮ ಆ ಮಧ್ಯಾಹ್ನ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ನಿದ್ರೆಹೋದಳು. ಆಕೆಯ ಕೂದಲನ್ನು ಬೆರಳಿಂದ ಬಾಚುತ್ತ ಕುಳಿತ ನಾಚಿಯಮ್ಮನಿಗೆ, ಆ ಮನೆಯಲ್ಲಿ ದೇವರು ಮತ್ತೆ ಕಣ್ಣು ತೆರೆದಂತೆ ತೋರಿತು.

ಗಂಜಿ ನೂಲಿಗೆ ಏನು ಮಾಡುವುದೋ ತೊಗಲಿಗೂ ಅದನ್ನೇ ಮಾಡಿತು. ಒಣಗಿ ಬಿಗಿದು ಗಟ್ಟಿಯಾಯಿತು. ಸಂಜೆಗೆ ಎಚ್ಚೆತ್ತ ಕಣ್ಣಮ್ಮ ಮಡಿಸಿದ್ದ ತೋಳನ್ನು ಚಾಚುತ್ತಲೇ, ಗಂಜಿಯ ಚಕ್ಕೆ ಹಕ್ಕಳೆಯನ್ನು ಹಿಡಿದುಕೊಂಡೇ ಸಿಡಿದು ಬಿದ್ದಿತು. ಅಡಿಯಲ್ಲಿ ಕೆಂಪು ಮಾಂಸ. ತೊಟ್ಟಿಲು ಚಕ್ಕೆಯ ಹಿಂಬದಿಗೆ ಅಂಟಿಕೊಂಡು ಕಿತ್ತುಹೋಗಿತ್ತು.

ಆಮೇಲೆ ಬಾವು ಬಂತು, ಕೀವು ಬಂತು, ಜ್ವರ ಬಂತು. ಅಯ್ಯಾಸಾಮಿ ಹೆಂಡತಿಯನ್ನು ಗಾಡಿಯಲ್ಲಿ ಪಲ್ಲಡದ ಡಾಕ್ಟರ ಬಳಿಗೆ ಕರೆದೊಯ್ದ. ಅವರು ಗಾಯವನ್ನು ತೊಳೆದು ಕಟ್ಟಿ, ತೋಳು ಉಳಿದದ್ದೇ ಪುಣ್ಯವೆಂದರು. ಅಯ್ಯಾಸಾಮಿ ತಾಯಿಗೆ ಒಂದು ಕಟುಮಾತನ್ನೂ ಆಡಲಿಲ್ಲ. ಆಡಿದ್ದರೆ ಆಕೆಗೆ ಹಗುರವಾಗುತ್ತಿತ್ತು. ಆಡಿದವಳು ಎದುರುಮನೆಯ ಕಮಲಾತಾಳ್. ಬಾವಿಯ ಬಳಿ ಎಲ್ಲರೂ ಕೇಳುವಂತೆ, "ನಾಚಿಯಕ್ಕ ಸೊಸೇನೂ ಹಾಸು ಅಂತ ನೆನ್ಕೊಂಡ್ಳು ಪಾಪ, ಗಂಜಿ ಹಾಕಿ ಒಣಗ್ಸಿಬಿಟ್ಳು" ಎಂದಳು. ಯಾರೋ ನಕ್ಕರು. ನಾಚಿಯಮ್ಮ ಕೊಡವನ್ನು ತುಂಬದೆಯೇ ಹಿಂದಿರುಗಿದಳು.

ಗಾಯ ಮಾಗಿತು. ಆದರೆ ಅಲ್ಲಿ ಉಳಿದದ್ದು ಹೊಳೆಯುವ, ಸುಕ್ಕುಗಟ್ಟಿದ ಕಲೆ. ಅಂಚಿನಲ್ಲಿ ಒಂದೆರಡು ಹಸುರು ಚುಕ್ಕೆ. ಮುದುಕಿಯನ್ನು ಮತ್ತೆ ಕರೆಸಿದರು. ಆಕೆ ಬೆರಳಿಂದ ಒತ್ತಿ ನೋಡಿ, ಸತ್ತ ತೊಗಲು ಬಣ್ಣವನ್ನು ಹಿಡಿಯದು, ಬಲತೋಳಿಗೆ ಹಾಕುತ್ತೇನೆ ಎಂದಳು. ಕಣ್ಣಮ್ಮ ಬಲತೋಳನ್ನು ಹಿಂದಕ್ಕೆ ಸೆಳೆದುಕೊಂಡಳು. "ಈ ತೋಳು ಅವಳಿಗೆ ಗೊತ್ತಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು.

ನಾಚಿಯಮ್ಮ ಅಂಗಳದಲ್ಲಿ ಮುದುಕಿಯ ಎದುರು ಕುಳಿತು, ಸೆರಗನ್ನು ಸರಿಸಿ ತನ್ನ ಎಡತೋಳನ್ನು ಚಾಚಿದಳು. ಗಂಡ ಸತ್ತವಳು ಮೈಮೇಲೆ ಹೊಸ ಹಸುರು ಏರಿಸಿಕೊಳ್ಳುವುದು ಅವರಲ್ಲಿ ಇರಲಿಲ್ಲ. ಸೂಜಿಯ ಮುದುಕಿಯೇ ಹಿಂಜರಿದಳು. ನಾಚಿಯಮ್ಮ ಮಾತನಾಡಿದ್ದು ಬಾಗಿಲೊಳಗಿನ ಕತ್ತಲಿಗೆ:

"ಮೊದಲು ಹೋಗೋಳು ನಾನಲ್ವಾ ಅಮ್ಮಣಿ? ಕೂಸು ಒಂಟಿಯಾಗಿ ಕಾಯ್ತಾ ನಿಂತಿರ್ತದೆ. ಗುರುತು ನನ್ ಕೈಲಿರ್ಲಿ. ನೀ ಬರೋವರ್ಗೂ ನಾ ಎತ್ಕೊಂಡಿರ್ತೀನಿ. ಅಪ್ಪರಂ, ನೀ ಬಂದ್ಮೇಲೆ, ನಿನ್ ಕೈಗೆ ಕೊಡ್ತೀನಿ."

ಸೂಜಿ ಇಳಿಯಿತು. ಸಡಿಲ ತೊಗಲಿನ ಮೇಲೆ ತೊಟ್ಟಿಲು ಸೊಟ್ಟಗೆ ಮೂಡಿತು. ಮುದುಕಿ ಕಟ್ಟುಪಾಡುಗಳನ್ನು ಮತ್ತೊಮ್ಮೆ ಹೇಳತೊಡಗಿದಾಗ, ಕಣ್ಣಮ್ಮ ಹೊಸ್ತಿಲು ದಾಟಿ ಬಂದು, ತನಗೆ ಗೊತ್ತಿದೆ ಎಂದು ತಡೆದು, ಎಣ್ಣೆಯ ಬಟ್ಟಲನ್ನು ಕೈಗೆತ್ತಿಕೊಂಡಳು.

ಆ ಹಕ್ಕಳೆ ತಾನಾಗಿ ಉದುರುವ ತನಕ ಬೀದಿಯಲ್ಲಿ ಹಾಸುಗಳು ಚಾಚಿಕೊಂಡವು, ಬಿಚ್ಚಿಕೊಂಡವು. ನಾಚಿಯಮ್ಮ ಒಂದಕ್ಕೂ ಹೋಗಲಿಲ್ಲ. ಆಮೇಲೂ ಆಕೆ ಕುಂಚ ಹಿಡಿದದ್ದನ್ನು ಕಂಡವರಿಲ್ಲ. ನೂಲು ಸುತ್ತುತ್ತ ಸೊಸೆಯ ಪಕ್ಕದಲ್ಲೇ ಕುಳಿತಿರುತ್ತಿದ್ದಳು. ಕಣ್ಣಮ್ಮನ ಮಡಿಲು ಮತ್ತೆ ತುಂಬಲಿಲ್ಲ. ಇಬ್ಬರೂ ಮಗುವಿನ ಮಾತೆತ್ತದೆಯೇ ಕೆಲವು ಮಳೆಗಾಲಗಳನ್ನು ಕಳೆದರು.

ಕೊನೆಗೆ ಅಂಥದೇ ಒಂದು ಮಳೆಗಾಲದ ಕೆಮ್ಮು ನಾಚಿಯಮ್ಮನನ್ನು ಚಾಪೆಗೆ ಕೆಡವಿತು. ವಿಭೂತಿಯಿಟ್ಟು ತುಳಸಿಯ ನೀರನ್ನು ಬಾಯಿಗೆ ಬಿಟ್ಟ ಮುಂಜಾವಿನಲ್ಲಿ ಆಕೆಯ ಪ್ರಜ್ಞೆ ತಿಳಿಯಾಗಿತ್ತು. ಮಗನನ್ನು ಹೊರಗೆ ಕಳುಹಿಸಿ ಸೊಸೆಯ ಕೈಹಿಡಿದು, ಕೂಸಿಗೆ ಏನು ಹೇಳಲಿ ಎಂದು ಕೇಳಿದಳು. ಕಣ್ಣಮ್ಮ ಅತ್ತೆಯ ತೋಳಿನ ಸೊಟ್ಟ ತೊಟ್ಟಿಲನ್ನು ಬೆರಳಿಂದ ಸವರಿದಳು.

"ಹೇಳೋಕ್ ಏನಿಲ್ಲ ಅತ್ತೆ" ಎಂದಳು. "ಹಾಲು ಮಾತ್ರ ಚೆನ್ನಾಗಿ ಆರ್ಸಿ ಕುಡಿಸಿ. ಅವಳು ಬಿಸಿ ತಾಳಲ್ಲ."

ನಾಚಿಯಮ್ಮ ಆಗಲೆಂಬಂತೆ ರೆಪ್ಪೆ ಮುಚ್ಚಿದಳು.